ಮಡಿಲಿಗೆ ಬಿದ್ದ ಬೇರು ಭತ್ತ

ಅತ್ತೆ ಆಸ್ಪತ್ರೆಯಲ್ಲಿದ್ದಾಗ ಸೊಸೆ ಒಂದು ಒಳ್ಳೆಯ ಕೆಲಸ ಮಾಡಿದಳು. ಆ ಒಳ್ಳೆಯ ಕೆಲಸವೇ ಅವಳ ಕುತ್ತಿಗೆಗೆ ಬಂತು. ಕೆಟ್ಟದ್ದು ಮಾಡಿ ಸಿಕ್ಕಿಬಿದ್ದವರ ಕಥೆಗಳು ಬೇಕಾದಷ್ಟಿವೆ, ಯಾರು ಬೇಕಾದರೂ ಹೇಳುತ್ತಾರೆ. ಇದು ಆ ಸಾಲಿಗೆ ಸೇರಿದ್ದಲ್ಲ.

ಸೊಸೆಯ ಹೆಸರು ಕಸ್ತೂರಿ. ಮೈಸೂರಿನ ಸರಸ್ವತಿಪುರಂನ ಹುಡುಗಿ, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಕಂಪನಿಯವರು ಅವಳನ್ನು ಬೋರ್ನಿಯೋ ದ್ವೀಪದ ಮಿರಿ ಎಂಬ ಎಣ್ಣೆಬಾವಿಗಳ ಊರಿಗೆ ಪ್ರಾಜೆಕ್ಟ್ ಮೇಲೆ ಕಳಿಸಿದ್ದರು. ಹೋದವಳು ಪ್ರಾಜೆಕ್ಟ್ ಮುಗಿಸಿ ಬರುವುದು ಬಿಟ್ಟು ಅಲ್ಲೇ ಸುಜಾಂಗ್ ಎಂಬ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ನನ್ನು ಮದುವೆಯಾದಳು. ಸುಜಾಂಗ್ ಇಬಾನ್ ಪಂಗಡದವನು. ಬೋರ್ನಿಯೋದ ಕಾಡಿನಲ್ಲಿ, ನದಿಗಳ ದಂಡೆಯಲ್ಲಿ ತಲೆತಲಾಂತರದಿಂದ ಭತ್ತ ಬೆಳೆದುಕೊಂಡು ಬಂದ ದಯಾಕ್ ಜನರಲ್ಲಿ ಇಬಾನರದು ದೊಡ್ಡ ಪಂಗಡ. ಆದರೆ ಕಸ್ತೂರಿಯ ತಂದೆ ಉಮಾಕಾಂತರು ಭತ್ತದ ಸುದ್ದಿ ಓದಲಿಲ್ಲ. ಆ ಜನರ ತಾತಂದಿರು ತಲೆ ಕಡಿಯುತ್ತಿದ್ದರಂತೆ ಎಂಬುದೊಂದನ್ನು ಎಲ್ಲೋ ಓದಿಕೊಂಡರು, ಅಷ್ಟೇ ಸಾಕಾಯಿತು. ಅಂದು ಮುಚ್ಚಿದ ಬಾಗಿಲನ್ನು ಮೊಮ್ಮಗಳು ಚೈತನ್ಯಾ ಹುಟ್ಟಿದಾಗಲೂ ಅವರು ತೆಗೆಯಲಿಲ್ಲ. ತಾಯಿ ಸುಭದ್ರಮ್ಮ ಗಂಡ ವಾಕಿಂಗ್ ಹೋದ ಹೊತ್ತು ನೋಡಿ ಫೋನ್ ಮಾಡುವರು, ಗೇಟು ಸದ್ದಾದರೆ ಮಾತು ಅರ್ಧಕ್ಕೇ ನಿಲ್ಲಿಸುವರು.

ಗಂಡ ಹೆಂಡತಿ ಪರ್ತ್‌ಗೆ ಬಂದು ಕ್ಯಾನಿಂಗ್ ವೇಲ್‌ನಲ್ಲಿ ಮನೆ ಮಾಡಿದರು. ಸುಜಾಂಗ್‌ಗೆ ಉತ್ತರದ ಕಬ್ಬಿಣದ ಗಣಿಯಲ್ಲಿ ಕೆಲಸ. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ, ಆ ಒಂದು ವಾರವೂ ಅರ್ಧ ನಿದ್ದೆಯಲ್ಲಿ. ಅಂಥ ಮನೆಗೆ ೨೦೧೧ರಲ್ಲಿ ಅವನ ತಾಯಿ ಲಾಮಿತ್ ಬಂದಿಳಿದಳು. ಗಂಡ ತೀರಿಕೊಂಡಿದ್ದ, ಊರಿನ ಗುಡ್ಡವೆಲ್ಲ ತಾಳೆಎಣ್ಣೆ ತೋಟವಾಗಿತ್ತು. ಇಪ್ಪತ್ತು ಸಂಸಾರಗಳು ಒಂದೇ ಸೂರಿನಡಿ ಬದುಕುತ್ತಿದ್ದ ಉದ್ದಮನೆಯಲ್ಲಿ ಮುದುಕರು, ನಾಯಿಗಳು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಕಸ್ತೂರಿ ಅವಳನ್ನು ಇಂದಾಯ್ ಎಂದು ಕರೆಯುತ್ತಿದ್ದಳು. ಇಬಾನ್ ಮಾತಿನಲ್ಲಿ ಹಾಗೆಂದರೆ ಅಮ್ಮ. ಮಿರಿಯಲ್ಲಿದ್ದಾಗಲೇ ಆ ಮಾತು ಅವಳ ನಾಲಿಗೆಗೆ ಕೂತಿತ್ತು, ಈಗ ಅತ್ತೆಯೊಡನೆ ದಿನವಿಡೀ ಹರಟುವಷ್ಟು ಪಳಗಿತು.

ಬಂದ ವಸಂತದಲ್ಲೇ ಹಿತ್ತಲ ಬೇಲಿಯ ಬದಿಗೆ ತರಕಾರಿ ಅಂಗಡಿಯ ಥರ್ಮೊಕೋಲ್ ಪೆಟ್ಟಿಗೆಗಳು ಸಾಲಾಗಿ ಕೂತವು, ಅವುಗಳಲ್ಲಿ ಹಸಿರು ಮೊಳಕೆ ಎದ್ದಿತು. ಕಸ್ತೂರಿ ನೋಡುತ್ತಾಳೆ, ಭತ್ತ! ಒಂದು ಕಿತ್ತಳೆ ಹಣ್ಣು ತಂದರೂ ಏರ್‌ಪೋರ್ಟಿನಲ್ಲಿ ನಾಯಿ ಬಿಟ್ಟು ಮೂಸಿಸುವ ದೇಶ ಇದು. ಹೇಗೆ ತಂದಿರಿ ಎಂದು ಕೇಳಿದರೆ ಲಾಮಿತ್ ತನ್ನ ತುರುಬು ಮುಟ್ಟಿ ತೋರಿಸಿದಳು. ತಪ್ಪು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿತ್ತು ಬಿಸಾಡಿ ಎಂದು ಹೇಳಲು ಕಸ್ತೂರಿಗೆ ಬಾಯಿ ಬರಲಿಲ್ಲ. ಪಕ್ಕದ ಮನೆಯವರು ಕೇಳಿದಾಗ ಅಲಂಕಾರದ ಹುಲ್ಲು ಎಂದು ಹೇಳಿದಳು. ಬಿಳಿ ವ್ಯಾನೊಂದು ರಸ್ತೆಯಲ್ಲಿ ನಿಧಾನಕ್ಕೆ ಹೋದರೂ ಕಿಟಕಿಗೆ ಹೋಗಿ ನಿಲ್ಲುವ ಅಭ್ಯಾಸ ಅಂದೇ ಶುರುವಾಯಿತು.

ಅದು ಬರೀ ಭತ್ತವಾಗಿದ್ದರೆ ಲಾಮಿತ್ ಅಷ್ಟು ದೊಡ್ಡ ಅಪಾಯ ತಲೆ ಮೇಲೆ ಹೊತ್ತು ತರುತ್ತಿರಲಿಲ್ಲ. ಅದು ಪಾದಿ ಪುನ್. ನಮ್ಮ ಮಾತಿನಲ್ಲಿ ಬೇರು ಭತ್ತ ಅನ್ನಬಹುದು. ಇಬಾನರ ಒಂದೊಂದು ಸಂಸಾರಕ್ಕೂ ಅದರದೇ ಒಂದು ತಳಿ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮನೆಯಲ್ಲೇ ಉಳಿಯುವ ಮಗಳಿಗೋ ಸೊಸೆಗೋ ಬರುತ್ತದೆ. ಹೊಲದಲ್ಲಿ ಮೊದಲು ಬಿತ್ತುವುದು ಅದನ್ನೇ. ಹೊರಗಿನವರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ, ಒಂದು ವರ್ಷವೂ ಬಿತ್ತದೆ ಬಿಡುವಂತಿಲ್ಲ. ಸತ್ತವರು ಪರಲೋಕದಲ್ಲಿ ಬಹಳ ಕಾಲ ಇದ್ದು ಕೊನೆಗೆ ಇಬ್ಬನಿಯಾಗಿ ಇಳಿದು ಭತ್ತದೊಳಗೆ ಸೇರಿಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಹಾಗಾಗಿ ಬಿತ್ತನೆಗೆಂದು ಜಾಡಿಯಲ್ಲಿ ಕಾದಿಡುವುದು ಕಾಳಲ್ಲ, ಮನೆಯ ಜನ.

ಲಾಮಿತ್‌ಳ ಬಾಲ್ಯದಲ್ಲಿ ಹಕ್ಕಿ ಕೂಗದೆ ಯಾರೂ ಕಾಡಿಗೆ ಕತ್ತಿ ಹಾಕುತ್ತಿರಲಿಲ್ಲವಂತೆ. ಶಕುನದ ಹಕ್ಕಿ ತಪ್ಪು ಕಡೆಯಿಂದ ಕೂಗಿದರೆ ಗಂಡಸರು ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಮರಳುತ್ತಿದ್ದರು. ಕತ್ತಿ ಮಸೆಯುವ ಕಲ್ಲಿಗೇ ಒಂದು ಹಬ್ಬ, ಬಿತ್ತನೆಗೊಂದು ಪ್ರಾರ್ಥನೆ, ಮೊದಲ ತೆನೆ ಕೊಯ್ಯುವ ದಿನ ಮಾತೇ ಆಡಬಾರದು. ಆಮೇಲೆ ಪಾದ್ರಿಗಳು ಬಂದರು. ಬೀಜಕ್ಕೆ ಪವಿತ್ರಜಲ ಚಿಮುಕಿಸಿದರು, ಹಕ್ಕಿ ಬರೀ ಹಕ್ಕಿ ಎಂದರು. ಸರ್ಕಾರದ ಗೊಬ್ಬರದ ಚೀಲ ಬಂತು. ಪ್ರತಿ ಮನೆಯೂ ತನ್ನ ಸುಗ್ಗಿ ಮುಗಿದಾಗ ಮಾಡುತ್ತಿದ್ದ ಗವಾಯ್ ಹಬ್ಬಕ್ಕೆ ಕ್ಯಾಲೆಂಡರಿನಲ್ಲಿ ಜೂನ್ ಒಂದು ಎಂದು ತಾರೀಖು ಬಿತ್ತು. ಸುಗ್ಗಿ ಆಗಲಿ ಬಿಡಲಿ, ಅಂದು ರಜೆ, ಅಂದು ಡಿಸ್ಕೊ, ಅಂದು ಸುಂದರಿಯರ ಸ್ಪರ್ಧೆ. ಲಾಮಿತ್ ಇದನ್ನೆಲ್ಲ ಹೇಳಿ ಮೂಗು ಮುರಿಯುತ್ತಿದ್ದಳು. ಹಾಗೆಂದು ಅವಳೇನು ಕಲ್ಲಾಗಿ ಕೂತವಳಲ್ಲ. ಗುಡ್ಡಕ್ಕೆ ಬೆಂಕಿ ಹಾಕುವ ಶಾಸ್ತ್ರವನ್ನು ಬಾರ್ಬೆಕ್ಯೂ ಒಲೆಯಲ್ಲಿ ಒಂದು ಹಿಡಿ ತರಗೆಲೆ ಸುಟ್ಟು ಮುಗಿಸುತ್ತಿದ್ದಳು. ಮಸೆಗಲ್ಲಿನ ಪೂಜೆ ಗಿಡ ಕತ್ತರಿಸುವ ಕತ್ತರಿಗೆ ಸಲ್ಲುತ್ತಿತ್ತು. ಇಲ್ಲಿನ ಮ್ಯಾಗ್‌ಪೈ ಹಕ್ಕಿಗಳ ಕೂಗು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಅವು ಯಾರ ದೇವರ ಸುದ್ದಿ ಹೇಳುತ್ತವೋ ಏನೋ ಎಂದು ಸುಮ್ಮನಾಗುತ್ತಿದ್ದಳು.

ಕಸ್ತೂರಿಯನ್ನು ಅವಳು ಆರಿಸಿಕೊಂಡದ್ದು ಬ್ರಿಸ್ಬೇನ್‌ನಲ್ಲಿ. ಹಿರಿಯ ಮಗ ಜಿಂಬುನ್ ಅಲ್ಲಿ ರನ್‌ಕಾರ್ನ್‌ನಲ್ಲಿ ಕಾರ್ ರಿಪೇರಿ ಅಂಗಡಿ ಇಟ್ಟಿದ್ದ. ೨೦೧೩ರ ಗವಾಯ್‌ಗೆ ಎಲ್ಲರೂ ಅಲ್ಲಿಗೆ ಹೋದರು. ಪಾರ್ಕಿನಲ್ಲಿ ಹಬ್ಬ, ಸಾಸೇಜು ಸುಡುವ ಹೊಗೆ, ಸ್ಪೀಕರಿನಲ್ಲಿ ಮಂತ್ರ. ಜೀವಂತ ಹುಂಜವನ್ನು ತಲೆಗಳ ಮೇಲೆ ಆಡಿಸಿ ಹರಸಬೇಕು. ಊರೊಳಗೆ ಹುಂಜ ಸಾಕಲು ಕೌನ್ಸಿಲ್ ಬಿಡುವುದಿಲ್ಲವೆಂದು ಯಾರೋ ಪ್ಲಾಸ್ಟಿಕ್ ಹುಂಜ ತಂದಿದ್ದರು. ಎಡೆಗೆ ಹುರಿದು ಅರಳಿಸಿದ ಭತ್ತ ಬೇಕು. ಅದರ ಬದಲು ಸಿನಿಮಾ ಹಾಲಿನ ಪಾಪ್‌ಕಾರ್ನ್. ಲಾಮಿತ್‌ಳ ಮುಖ ಕಪ್ಪಿಟ್ಟಿತು, ಎದ್ದು ಹೋಗಿ ಕಾರಿನಲ್ಲಿ ಕೂತಳು. ಆಗ ಕಸ್ತೂರಿ ಹತ್ತಿರದ ಸನ್ನಿಬ್ಯಾಂಕ್‌ಗೆ ಓಡಿ ಇಂಡಿಯನ್ ಅಂಗಡಿಯಿಂದ ಒಂದು ಪ್ಯಾಕೆಟ್ ಅರಳು ತಂದು ಅತ್ತೆಯ ಮುಂದೆ ಒಡೆದಳು. ನಮ್ಮ ಮದುವೆಯಲ್ಲೂ ಇದನ್ನು ಬೆಂಕಿಗೆ ಹಾಕುತ್ತೇವೆ ಎಂದಳು. ಲಾಮಿತ್ ಒಂದು ಕಾಳು ಬಾಯಿಗೆ ಹಾಕಿಕೊಂಡಳು, ಅಳತೊಡಗಿದಳು. ಪರ್ತ್‌ಗೆ ಮರಳಿದ ಮೇಲೆ ಪ್ರಾರ್ಥನೆಯ ಸಾಲುಗಳನ್ನು ಸೊಸೆಗೆ ಬಾಯಿಪಾಠ ಮಾಡಿಸಲು ಶುರು ಮಾಡಿದಳು. ಮುಂದಿನ ಬಿತ್ತನೆಗೆ ಬೇರು ಭತ್ತ ನಿನ್ನ ಕೈಗೆ ಎಂದು ೨೦೧೫ರ ಸುಗ್ಗಿಯ ಹೊತ್ತಿಗೆ ಮಾತೂ ಕೊಟ್ಟಳು.

ಕಸ್ತೂರಿಗೆ ಅದು ಎಷ್ಟು ದೊಡ್ಡದು ಎಂದು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ಹುಟ್ಟಿದ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಇಲ್ಲಿ ಒಂದು ಮನೆಯ ಬೇರೇ ಅವಳ ಕೈಗೆ ಬರುವುದರಲ್ಲಿತ್ತು. ಅದು ಬಂದರೆ ತಾನು ಎಲ್ಲಿಯವಳು ಎಂಬ ಪ್ರಶ್ನೆ ಮುಗಿಯಿತು ಎಂದುಕೊಂಡಿದ್ದಳು. ಅಷ್ಟು ಆಸೆಪಟ್ಟಿದ್ದಳು ಪಾಪ.

ಏಪ್ರಿಲ್‌ನಲ್ಲಿ ಸುಗ್ಗಿ ಮುಗಿಯಿತು. ಭತ್ತ ಒಣಗಿ ಜಾಡಿ ಸೇರಿತು, ಜಾಡಿಯ ಮುಂದೆ ಮಾಡಬೇಕಾದ ಶಾಸ್ತ್ರವೊಂದು ಉಳಿದಿತ್ತು. ಅಷ್ಟರಲ್ಲಿ ಲಾಮಿತ್ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಸುದ್ದಿ ತಿಳಿದು ಅಡಿಲೇಡ್‌ನಿಂದ ಅವಳ ಮಗಳು ರಿಂದಾ ಬಂದಳು.

ರಿಂದಾ ನರ್ಸ್. ಹದಿಹರೆಯದಲ್ಲೇ ಒಂದು ಕಟ್ಟುನಿಟ್ಟಿನ ಚರ್ಚಿಗೆ ಸೇರಿ, ಭತ್ತಕ್ಕೆ ಕೈಮುಗಿಯುವುದು ಸೈತಾನನ ಕೆಲಸವೆಂದು ತಾಯಿಯ ಮುಂದೆಯೇ ಎಡೆಯ ತಟ್ಟೆಯನ್ನು ಕಾಲಿನಿಂದ ಒದ್ದವಳು. ಅಂದು ಮನೆ ಬಿಟ್ಟವಳು ಮತ್ತೆ ತಾಯಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗಲೂ ಅಷ್ಟೇ. ಆಸ್ಪತ್ರೆಯಲ್ಲಿ ತಾಯಿಯ ದಿಂಬು ಸರಿಮಾಡುವಳು, ಡ್ರಿಪ್ಪು ನೋಡುವಳು, ಬೇರೆ ನರ್ಸುಗಳ ತಪ್ಪು ಹಿಡಿಯುವಳು. ತಾಯಿ ಮಗಳ ನಡುವೆ ಮಾತು ಮಾತ್ರ ಇಲ್ಲ. ಕಸ್ತೂರಿ ಇಬ್ಬರ ಮುಖ ನೋಡಿಕೊಂಡು ಮಧ್ಯೆ ಕೂತು ಕೂತು ಸುಸ್ತಾದಳು.

ಹೊರಡುವ ದಿನ ರಿಂದಾ ಚೀಲ ಹಿಡಿದು ಬಾಗಿಲಿಗೆ ಬಂದಳು, ಟ್ಯಾಕ್ಸಿ ಹೊರಗೆ ನಿಂತಿತ್ತು. ಕಸ್ತೂರಿ ಮದುವೆಯಾದಾಗ ತವರಿನವರು ಯಾರೂ ಬಂದು ಒಂದು ಹಿಡಿ ಅಕ್ಕಿಯನ್ನೂ ಮಡಿಲಿಗೆ ಹಾಕಿರಲಿಲ್ಲ. ಬರಿ ಮಡಿಲಲ್ಲಿ ಹೊರಟವಳ ಸಂಕಟ ಅವಳಿಗೆ ಗೊತ್ತಿತ್ತು. ಒಂದು ನಿಮಿಷ ಇರಿ ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಸೂಪರ್‌ಮಾರ್ಕೆಟ್‌ನ ಜಾಸ್ಮಿನ್ ಅಕ್ಕಿಯ ಚೀಲವಿತ್ತು. ಮನೆಮಗಳಿಗೆ ಅಂಗಡಿ ಅಕ್ಕಿ ಹಾಕುವುದೇ, ಛೆ, ಮನೆಯದೇ ಬೆಳೆ ಇರುವಾಗ? ಬೇರು ಭತ್ತವನ್ನು ಹೊರಗಿನವರಿಗೆ ಕೊಡಬಾರದು, ನಿಜ. ಆದರೆ ಮಗಳು ಹೊರಗಿನವಳು ಹೇಗಾಗುತ್ತಾಳೆ? ಜಾಡಿ ಎತ್ತಿಕೊಂಡೇ ಬಂದಳು. ರಿಂದಾಳ ಕೊರಳಿನ ಶಾಲನ್ನು ಸೆರಗಿನಂತೆ ಹಿಡಿಸಿ, ಬೊಗಸೆ ತುಂಬ ಭತ್ತ ಹಾಕಿದಳು.

"ನಮ್ಮಲ್ಲಿ ಮನೆಮಗಳನ್ನ ಬರಿ ಮಡಿಲಲ್ಲಿ ಕಳಿಸಲ್ಲ ಅಕ್ಕ," ಎಂದಳು.

ರಿಂದಾ ಜಾಡಿ ನೋಡಿದಳು, ಭತ್ತ ನೋಡಿದಳು. ಶಾಲಿಗೆ ಗಂಟು ಹಾಕಿ ಎದೆಗೆ ಹಿಡಿದು ಟ್ಯಾಕ್ಸಿ ಹತ್ತಿದಳು. ಮುರಿದ ಮನೆ ಕೂಡಿಸಿದೆ ಎಂಬ ಹೆಮ್ಮೆಯಲ್ಲಿ ಕಸ್ತೂರಿ ಅಂದು ಪಾಯಸ ಮಾಡಿದಳು.

ಲಾಮಿತ್ ವಾಕರ್ ಹಿಡಿದು ಮನೆಗೆ ಬಂದವಳು ಮೊದಲು ಕೇಳಿದ್ದೇ ಜಾಡಿಯನ್ನು. ಮುಚ್ಚಳ ತೆಗೆದಳು. ಒತ್ತಿ ನುಣುಪಾಗಿಸಿದ್ದ ಭತ್ತದ ಮೇಲ್ಭಾಗ ಕುಸಿದಿತ್ತು. ಯಾರು ಕೈಹಾಕಿದ್ದು ಎಂದಳು. ಕಸ್ತೂರಿ ಖುಷಿಯಿಂದಲೇ ನಡೆದದ್ದೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತೆಯ ಮುಖ ನೋಡಿ ಅವಳ ದನಿ ತಾನಾಗಿ ಇಳಿಯಿತು.

"ಯಾವ ಜಾಡಿಯಿಂದ ಕೊಟ್ಟೆ ಅನ್ನೋದನ್ನ ಅವಳು ನೋಡಿದ್ಲಾ?" ಎಂದು ಲಾಮಿತ್ ಕೇಳಿದಳು.

"ನೋಡಿದ್ರು ಇಂದಾಯ್."

"ಏನಂದ್ಲು?"

"ಏನೂ ಅನ್ನಲಿಲ್ಲ."

ಲಾಮಿತ್ ಮುಚ್ಚಳ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಯಿಂದ ಬೇರೆಯಾಗಿ ಹೊರಡುವವರಿಗೆ ಕೊಡಲೆಂದೇ ಬೇರು ಭತ್ತದ ಪಕ್ಕದಲ್ಲಿ ಜೊತೆ ಭತ್ತ ಎಂಬ ಇನ್ನೊಂದು ತಳಿ ಬೆಳೆಸುತ್ತಾರೆ ಎಂದು ಅವಳು ವಿವರಿಸಿದಳು. ಹೊರಡುವವರು ಒಯ್ಯಬೇಕಾದದ್ದು ಅದನ್ನು. ಅದರಿಂದ ಹೊಸ ಮನೆ ಹುಟ್ಟುತ್ತದೆ, ಹಳೆಯದೂ ಉಳಿಯುತ್ತದೆ. ಬೇರನ್ನು ಸುಗ್ಗಿಯ ಶಾಸ್ತ್ರವಾಗುವ ಮೊದಲು ಮನೆಯ ಹೆಂಗಸಿನ ಕೈಯಿಂದಲೇ ಹೊಸಿಲು ದಾಟಿಸಿದರೆ ಭತ್ತದ ಜೀವ ಅದರ ಹಿಂದೆಯೇ ಹೊರಟುಹೋಗುತ್ತದೆ. ಜಾಡಿಯಲ್ಲಿ ಉಳಿದದ್ದು ಕೋಳಿಗೆ ಹಾಕುವ ಕಾಳು. ಅತ್ತೆ ಎರಡು ತಳಿಯ ಮಾತನ್ನು ಎಂದೂ ಎತ್ತಿರಲಿಲ್ಲ, ಯಾಕೆಂದರೆ ತುರುಬಿನಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಅಂದಿನಿಂದ ಲಾಮಿತ್ ಹಿತ್ತಲಿಗೆ ಹೋಗುವುದು ಬಿಟ್ಟಳು. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಚೈತನ್ಯಾ ಬಂದು ಅಜ್ಜಿಯ ತೊಡೆಗೊರಗಿದರೂ ಕೈ ತಲೆ ಮೇಲೆ ಬರುತ್ತಿರಲಿಲ್ಲ. ಕಸ್ತೂರಿ ಗಣಿಗೆ ಫೋನ್ ಮಾಡಿದರೆ ಸುಜಾಂಗ್ ವಾರ ಕಳೆದರೆ ಸರಿಹೋಗುತ್ತದೆ ಬಿಡು ಎಂದ. ರಿಂದಾ ಫೋನೇ ಎತ್ತಲಿಲ್ಲ. ಕೊನೆಗೆ ಬ್ರಿಸ್ಬೇನ್‌ನ ಜಿಂಬುನ್‌ಗೆ ಹೇಳಿದಳು. ಅವನು ಮೊದಲು ನಕ್ಕ, ಊರಿನ ಸಂತೆಯಿಂದ ಹೊಸ ಬೀಜ ತರಿಸಿದರಾಯಿತು ಅಂದ. ರಿಂದಾ ಗೊತ್ತಿದ್ದೂ ಒಯ್ದಳು ಎಂದು ಕೇಳಿದ ಮೇಲೆ ಅವನ ನಗು ನಿಂತಿತು. ಮನೆಮಗಳು ತಿಳಿದೇ ಒಯ್ದರೆ ಬೇರು ಅವಳ ಜೊತೆಗೇ ಹೋದಂತೆ, ಅವಳೇ ತನ್ನ ಕೈಯಾರೆ ವಾಪಸು ತಂದಿಟ್ಟರೆ ಉಂಟು, ಬೇರೆ ದಾರಿಯಿಲ್ಲ ಎಂದ.

"ಇಲ್ಲಾಂದ್ರೆ ಅಮ್ಮ ನಿಮ್ಮನೇಲಿ ಉಳಿಯೋದಿಲ್ಲ ಕಸ್ತೂರಿ. ಬೇರಿಲ್ಲದ ಮನೇಲಿ ಅವಳು ಮಲಗೋಳಲ್ಲ."

ಮರುದಿನವೇ ಕಸ್ತೂರಿ ಆಫೀಸಿಗೆ ರಜೆ ಹಾಕಿ, ಅತ್ತೆಗೂ ಮಗಳಿಗೂ ಪಕ್ಕದ ಬೀದಿಯ ಮೈಥಿಲಿ ಆಂಟಿಯನ್ನು ಕಾವಲಿಟ್ಟು ಅಡಿಲೇಡ್‌ಗೆ ಹಾರಿದಳು. ಅಲ್ಲಿ ಇಳಿದೊಡನೆ ಕಂಡದ್ದು ಹಣ್ಣು, ಗಿಡ ಇದ್ದರೆ ಇಲ್ಲಿ ಹಾಕಿ ಎಂಬ ದೊಡ್ಡ ಡಬ್ಬಿ. ರಿಂದಾ ಕಾನೂನು ಮೀರದ ಹೆಂಗಸು. ಖಾಲಿ ರಸ್ತೆಯಲ್ಲೂ ಸಿಗ್ನಲ್ ಹಸಿರಾಗುವ ತನಕ ನಿಲ್ಲುವವಳು. ಗಂಟು ಈ ಡಬ್ಬಿಯೊಳಗೆ ಬಿದ್ದು ಎಂದೋ ಬೂದಿಯಾಗಿದ್ದರೆ? ಗ್ಲೆನೆಲ್ಗ್‌ಗೆ ಹೋಗುವ ಟ್ರಾಮಿನುದ್ದಕ್ಕೂ ಅವಳಿಗೆ ಅದೊಂದೇ ಯೋಚನೆ.

ಸಮುದ್ರದ ಎದುರಿನ ಚಿಕ್ಕ ಫ್ಲ್ಯಾಟು. ರಿಂದಾ ಬಾಗಿಲು ತೆಗೆದವಳು ಆಶ್ಚರ್ಯಪಡಲಿಲ್ಲ, ಬರುತ್ತೀಯೆಂದು ಗೊತ್ತಿತ್ತು ಎಂದಳು. ಚಹಾ ಕೊಟ್ಟಳು, ತಾಯಿಯ ಸೊಂಟದ ಬಗ್ಗೆ ನರ್ಸಿನ ದನಿಯಲ್ಲಿ ಕೇಳಿದಳು. ಕಸ್ತೂರಿ ಕಪ್ಪು ಕೆಳಗಿಟ್ಟಳು.

"ಭತ್ತ ಎಲ್ಲಿದೆ ಅಕ್ಕ?" ಎಂದು ಕೇಳಿಯೇಬಿಟ್ಟಳು.

ರಿಂದಾ ಮಲಗುವ ಕೋಣೆಯ ಬಾಗಿಲು ದೂಡಿದಳು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಬೈಬಲ್, ಅದರ ಪಕ್ಕದಲ್ಲಿ ಒಂದು ಗಾಜಿನ ಬಾಟಲಿ, ಬಾಟಲಿಯ ತುಂಬ ಭತ್ತ. ಒಂದು ಕಾಳೂ ಚೆಲ್ಲಿರಲಿಲ್ಲ. ಕಸ್ತೂರಿಗೆ ಹೋದ ಜೀವ ಬಂದಂತಾಯಿತು.

"ನಿಮ್ಗೆ ಗೊತ್ತಿತ್ತು ಅಲ್ವಾ, ಅದು ಯಾವ ಭತ್ತ ಅಂತ?"

"ಗೊತ್ತಿತ್ತು. ಆ ಡಬ್ಬಿ ಮುಂದೆ ನಿಂತಾಗ್ಲೂ ಗೊತ್ತಿತ್ತು. ಆಫೀಸರ್ ನನ್ನೇ ನೋಡ್ತಾ ಇದ್ದ. ನಾನು ನಗ್ತಾ ಹಾಗೇ ನಡ್ಕೊಂಡು ಬಂದೆ, ಜೀವಮಾನದಲ್ಲಿ ಮೊದಲ್ನೇ ಸಲ."

ಕಸ್ತೂರಿ ಕೈಮುಗಿದಳು. ನಡೆದದ್ದನ್ನೆಲ್ಲ ಹೇಳಿದಳು, ಅತ್ತೆ ತುತ್ತು ಬಿಟ್ಟಿದ್ದನ್ನು ಹೇಳಿದಳು, ಈ ಬಿತ್ತನೆಗೆ ಅದು ತನ್ನ ಕೈಗೆ ಬರಬೇಕಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ನಿಮಗೆ ಇದರಲ್ಲಿ ನಂಬಿಕೆಯೇ ಇಲ್ಲವಲ್ಲ, ಇಟ್ಟುಕೊಂಡು ಏನು ಮಾಡುತ್ತೀರಿ ಎಂದಳು. ಬಂದು ನಿಮ್ಮ ಕೈಯಾರೆ ಜಾಡಿಗೆ ಹಾಕಿ ಹೋಗಿ, ಅಷ್ಟು ಸಾಕು ಎಂದು ಬೇಡಿಕೊಂಡಳು. ರಿಂದಾ ಕಿಟಕಿಯ ಕಡೆ ಮುಖ ಮಾಡಿ ಎಲ್ಲ ಕೇಳಿಸಿಕೊಂಡಳು.

"ನಾನು ತಟ್ಟೆ ಒದ್ದಿದ್ದು ನಿಜ," ಎಂದಳು ಕೊನೆಗೆ. "ಆವಾಗ ನಂಗೆ ಹದಿನೆಂಟು. ದೋಣಿ ಹತ್ತೋವಾಗ ಜೊತೆ ಭತ್ತನಾದ್ರೂ ಒಂದು ಹಿಡಿ ಕೊಡ್ತಾಳೆ ಅಂತ ಕಾಯ್ತಾ ನಿಂತಿದ್ದೆ. ಕದ್ದು ಓಡಿಹೋದವ್ರಿಗೂ ಕೊಡ್ತಾರೆ ನಮ್ಮಲ್ಲಿ. ಅವಳು ಬಾಗಿಲಿಗೂ ಬರಲಿಲ್ಲ. ಆ ಮನೆ ಭತ್ತನ ನನ್ನ ಮಡಿಲಿಗೆ ಮೊದಲು ಹಾಕಿದ್ದು ನೀನು. ಗೊತ್ತಿಲ್ದೆ ಹಾಕಿದೆ, ಇರ್ಲಿ. ಆದ್ರೆ ಹಾಕಿದೆ. ನಾನು ವಾಪಸ್ ಕೊಡಲ್ಲ."

ಮಗಳ ಮಡಿಲಿಗೆ ಹಾಕಿದ್ದನ್ನು ಮರಳಿ ಕೇಳುವುದು ಎಂಥ ಅನಿಷ್ಟ ಎಂದು ಮೈಸೂರಿನವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಬಾನರ ಕಟ್ಟಳೆಯಂತೆ ಅದು ಮರಳಬೇಕು. ಅವಳ ಕಟ್ಟಳೆಯಂತೆ ಮರಳಿ ಕೇಳಬಾರದು. ನಡುವೆ ಸಿಕ್ಕಿಕೊಂಡವಳು ಅವಳೊಬ್ಬಳೇ. ಆ ಬಾಟಲಿ ಕೈಗೆಟುಕುವ ದೂರದಲ್ಲಿತ್ತು, ಎತ್ತಿಕೊಂಡು ಓಡಿಬಿಡಲೇ ಎಂದೂ ಒಂದು ಗಳಿಗೆ ಅನ್ನಿಸಿತು. ಚಹಾದ ಕಪ್ಪನ್ನು ಸಿಂಕಿನಲ್ಲಿಟ್ಟು, ಬರ್ತೀನಿ ಅಕ್ಕ ಎಂದು ಹೇಳಿ ಎದ್ದಳು.

ಪರ್ತ್‌ನಲ್ಲಿ ಲಾಮಿತ್ ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಕಸ್ತೂರಿಯ ಖಾಲಿ ಕೈ ನೋಡಿದಳು. ಸೊಸೆ ಒಂದನ್ನೂ ಬಿಡದೆ ಹೇಳಿದಳು, ದೋಣಿಯ ಹತ್ತಿರ ಕಾಯುತ್ತ ನಿಂತದ್ದನ್ನೂ ಹೇಳಿದಳು. ಹೇಳದೆ ನುಂಗಿಕೊಂಡಿದ್ದರೆ ಅತ್ತೆ ಉಳಿಯುತ್ತಿದ್ದಳೋ ಏನೋ. ಆದರೆ ಕಸ್ತೂರಿಗೆ ಹಾಗೆ ಮಾಡಲು ಬರಲಿಲ್ಲ. ಲಾಮಿತ್ ತನ್ನ ಅಂಗೈ ನೋಡಿಕೊಂಡಳು. ರಿಂದಾ ಅದನ್ನು ಬೇಯಿಸಿದಳೇ, ಬೇರೆ ಯಾರಿಗಾದರೂ ಕೊಟ್ಟಳೇ ಎಂದು ಕೇಳಿದಳು. ಇಲ್ಲ, ತಲೆದೆಸೆಯಲ್ಲಿಟ್ಟುಕೊಂಡಿದ್ದಾಳೆ ಎಂದಾಗ ತನ್ನ ಬಟ್ಟೆಯ ಚೀಲ ತರಲು ಹೇಳಿದಳು.

ಸುಜಾಂಗ್ ಗಣಿಯಿಂದ ಬಂದು ತಾಯಿಯ ಮುಂದೆ ಮಂಡಿಯೂರಿ ಕೂತು ಬೇಡಿದ. ಜಾಡಿಯಲ್ಲಿ ಇನ್ನೂ ಇಷ್ಟು ಭತ್ತ ಇದೆಯಲ್ಲ ಎಂದ. ಕಸ್ತೂರಿ ತಾನು ಮನೆ ಬಿಡುತ್ತೇನೆ ಬೇಕಾದರೆ, ನೀವು ಇರಿ ಎಂದು ಅತ್ತಳು. ಲಾಮಿತ್ ಸೊಸೆಯ ಗಲ್ಲ ಹಿಡಿದು ಮುಖ ಎತ್ತಿದಳು.

"ನಿನ್ನ ಮೇಲೆ ಸಿಟ್ಟಿಲ್ಲ ನಂಗೆ. ನಾನು ಮಾಡಬೇಕಾಗಿದ್ದನ್ನ ನೀನು ಮಾಡಿದೆ. ಬೇರು ಎಲ್ಲಿದ್ಯೋ ನಾನು ಅಲ್ಲಿರಬೇಕು, ಅಷ್ಟೇ."

ಅಷ್ಟೇ ಅಂತೆ! ನಾಲ್ಕು ವರ್ಷ ಎಣ್ಣೆ ಹಚ್ಚಿ ತಲೆ ಬಾಚಿದವಳಿಗೆ, ಪಕ್ಕದ ಮನೆಯವರಿಗೆ ಸುಳ್ಳು ಹೇಳಿ ಹೇಳಿ ಆ ಪೈರು ಕಾಪಾಡಿದವಳಿಗೆ ಅಷ್ಟೇ. ಕಸ್ತೂರಿಗೆ ದುಃಖಕ್ಕಿಂತ ಹೆಚ್ಚಾಗಿ ರೋಷ ಬಂತು. ಆದರೂ ಅವಳೇ ಚೀಲ ತುಂಬಿದಳು, ಮಾತ್ರೆಗಳ ಡಬ್ಬಿ ಇಟ್ಟಳು, ಗಾಲಿಕುರ್ಚಿ ಬುಕ್ ಮಾಡಿದಳು. ಗವಾಯ್ ಹಬ್ಬಕ್ಕೆ ಮೊದಲೇ ಲಾಮಿತ್ ಅಡಿಲೇಡ್‌ಗೆ ಹೋದಳು. ಜಾಡಿಯ ಭತ್ತವನ್ನು ಕಸ್ತೂರಿ ಮುಟ್ಟಲಿಲ್ಲ. ಥರ್ಮೊಕೋಲ್ ಪೆಟ್ಟಿಗೆಗಳ ಮಣ್ಣು ಮಳೆಗೆ ತೊಯ್ದು ಪಾಚಿ ಕಟ್ಟಿತು.

ಚಳಿಗಾಲದಲ್ಲಿ ಅಡಿಲೇಡ್‌ನಿಂದ ಸುದ್ದಿ ಬಂತು. ಲಾಮಿತ್‌ಗೆ ಲಕ್ವ ಹೊಡೆದಿತ್ತು. ಕೈಕಾಲು ಹೇಗೋ ಆಡುತ್ತಿತ್ತು, ಮಾತು ಮಾತ್ರ ಪೂರ್ತಿ ಬಿದ್ದುಹೋಗಿತ್ತು. ಸುಜಾಂಗ್ ಹೋಗಿ ನೋಡಿ ಬಂದ. ಕಸ್ತೂರಿ ಹೋಗಲಿಲ್ಲ. ಹೋಗಲು ಮನಸ್ಸಿತ್ತು, ಕಾಲು ಬರಲಿಲ್ಲ.

ಅಕ್ಟೋಬರ್‌ನ ಒಂದು ಬೆಳಗ್ಗೆ, ಚೈತನ್ಯಾಳ ಊಟದ ಡಬ್ಬಿ ಕಟ್ಟುತ್ತಿದ್ದಾಗ ಫೋನ್ ಬಂತು. ರಿಂದಾ. ಕ್ಷೇಮಸಮಾಚಾರ ಏನೂ ಇಲ್ಲ, ನೇರ ವಿಷಯಕ್ಕೆ ಬಂದಳು. ಬಾಲ್ಕನಿಗೆ ಮಣ್ಣು ತುಂಬಿದ ಪೆಟ್ಟಿಗೆಗಳನ್ನು ತಾಯಿ ಸನ್ನೆ ಮಾಡಿ ತರಿಸಿದ್ದಾಳೆ. ಬೆಳಗಿನಿಂದ ಭತ್ತ ಅಂಗೈಯಲ್ಲಿ ಹಿಡಿದು ಅದರ ಮುಂದೆ ಕೂತವಳು ಏಳುತ್ತಿಲ್ಲ. ಪ್ರಾರ್ಥನೆಯಾಗದೆ ಬಿತ್ತುವಂತಿಲ್ಲ, ಪ್ರಾರ್ಥನೆ ಅವಳ ಬಾಯಿಂದ ಬರುತ್ತಿಲ್ಲ.

"ಊಊ ಅಂತಾಳೆ, ಮುಂದಕ್ಕೆ ಬರಲ್ಲ, ಅಳ್ತಾಳೆ," ಎಂದಳು ರಿಂದಾ. "ನಂಗೆ ಒಂದು ಸಾಲೂ ಗೊತ್ತಿಲ್ಲ. ಜಿಂಬುನ್‌ಗೂ ಗೊತ್ತಿಲ್ಲ, ಊರಲ್ಲಿ ಗೊತ್ತಿದ್ದವ್ರು ಸತ್ತುಹೋದ್ರು. ನಿಂಗೆ ಕಲಿಸಿದ್ಲಂತೆ."

ಕಸ್ತೂರಿ ಊಟದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಬೇರೂ ಅವಳಿಗೆ, ತಾಯಿಯೂ ಅವಳಿಗೆ, ಈಗ ಇದೂ ಬೇಕೇ? ಈ ಮನೆಯಲ್ಲಿ ತನಗೆಂದು ಉಳಿದಿದ್ದುದು ಆ ಸಾಲುಗಳು ಮಾತ್ರ. ಮರೆತುಹೋಯಿತು ಎಂದುಬಿಡಬಹುದಿತ್ತು. ಯಾರೂ ಅನುಮಾನಿಸುತ್ತಿರಲಿಲ್ಲ. ಹೊರಗಿನವಳು, ಬಾಯಿಪಾಠ ಮಾಡಿದ್ದು, ಮರೆತಳು ಎನ್ನುತ್ತಿದ್ದರು. ಮರೆತ್ಹೋಯ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆ ಕಡೆ ಫೋನಿನಲ್ಲಿ ಮುದುಕಿಯ ಗಂಟಲು ಕೇಳಿಸಿತು. ಮೊದಲ ಶಬ್ದ ಹಿಡಿಯಲು ಹೆಣಗುತ್ತಿತ್ತು, ಅಲ್ಲೇ ಸಿಕ್ಕಿ ಒಡೆಯುತ್ತಿತ್ತು, ಮತ್ತೆ ಮೊದಲಿಂದ ಶುರುವಾಗುತ್ತಿತ್ತು.

"ಸ್ಪೀಕರ್ ಹಾಕಿ ಅಕ್ಕ," ಎಂದಳು ಕಸ್ತೂರಿ. "ಇಂದಾಯ್ ಹತ್ರ ಇಡಿ."

ಡಬ್ಬಿ ಅಲ್ಲೇ ಬಿಟ್ಟು ನೇರ ನಿಂತುಕೊಂಡಳು. ಓಹಾ, ಓಹಾ, ಓಹಾ ಎಂದು ಭೂಮಿಯ ಒಡೆಯನನ್ನು ಮೂರು ಸಲ ಕೂಗಿ ಕರೆದಳು. ಆ ಕಡೆಯ ಗಂಟಲು ತಟ್ಟನೆ ನಿಂತಿತು. ಕಸ್ತೂರಿ ಮೊದಲ ಸಾಲು ಹೇಳಿ ಕಾದಳು. ರಿಂದಾ ಅದನ್ನು ತಪ್ಪು ತಪ್ಪಾಗಿ, ಅಳುಕುತ್ತ ಹೇಳಿದಳು. ತಪ್ಪಿದ ಕಡೆ ತಿದ್ದಿ ಕಸ್ತೂರಿ ಇನ್ನೊಮ್ಮೆ ಹೇಳಿಕೊಟ್ಟಳು.